ತಡಿಯಂಡಮೋಳ್ ಏರುವಾಗ ಏದುಸಿರು ಯಾಕೆ?

ಕೊಡಗಿನ ನಾಲ್ಕುನಾಡು ಅರಮನೆ ದಾಟಿ ತಡಿಯಂಡಮೋಳ್ ಬೆಟ್ಟ ಹತ್ತಿದವರಿಗೆ ಆ ಕೊನೆಯ ಏರು ಚೆನ್ನಾಗಿ ನೆನಪಿರುತ್ತದೆ. ಮಾತು ನಿಂತುಹೋಗುತ್ತದೆ, ಏದುಸಿರು ಶುರುವಾಗುತ್ತದೆ, ಗುಂಪಿನಲ್ಲಿ ಯಾರಾದರೂ ಒಬ್ಬರು "ಮೇಲೆ ಆಕ್ಸಿಜನ್ ಕಮ್ಮಿ ಅಲ್ವಾ" ಅಂದೇ ಅನ್ನುತ್ತಾರೆ. 1,748 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸ್ವಲ್ಪ ತಗ್ಗುವುದು ನಿಜ. ಆದರೆ ಗಾಳಿಯಲ್ಲಿ ಆಮ್ಲಜನಕದ ಪಾಲು ಮಂಗಳೂರಿನ ಕಡಲ ತೀರದಲ್ಲಿ ಇರುವಷ್ಟೇ, ನೂರಕ್ಕೆ 21. ಏದುಸಿರಿಗೆ ದೊಡ್ಡ ಕಾರಣ ನಮ್ಮ ಕಾಲುಗಳು ತಯಾರಿಸುವ ಇಂಗಾಲದ ಡೈಆಕ್ಸೈಡ್. ಇಷ್ಟು ತಿಳಿಯಲು ಮನುಷ್ಯರಿಗೆ ಬಹಳ ಕಾಲ ಹಿಡಿಯಿತು.

2ನೇ ಶತಮಾನದ ವೈದ್ಯ ಗ್ಯಾಲೆನ್, ಹೃದಯದ ನಡುಗೋಡೆಯಲ್ಲಿ ಕಣ್ಣಿಗೆ ಕಾಣದ ತೂತುಗಳಿವೆ, ರಕ್ತ ಅಲ್ಲಿಂದಲೇ ಬಲದಿಂದ ಎಡಕ್ಕೆ ಸೋರುತ್ತದೆ ಎಂದಿದ್ದರು. ಸಾವಿರ ವರ್ಷ ಅದೇ ನಡೆಯಿತು. 13ನೇ ಶತಮಾನದಲ್ಲಿ ಕೈರೋದ ಇಬ್ನ್ ಅಲ್ ನಫೀಸ್, ಅಲ್ಲಿ ತೂತೇ ಇಲ್ಲ, ರಕ್ತ ಶ್ವಾಸಕೋಶದ ಮೂಲಕವೇ ಹೋಗಬೇಕು ಎಂದು ಬರೆದರು. 1661ರಲ್ಲಿ ಇಟಲಿಯ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕೂದಲಿಗಿಂತ ಸಣ್ಣ ರಕ್ತನಾಳಗಳನ್ನು ಕಂಡರು. ಗಾಳಿ ಮತ್ತು ರಕ್ತ ಎದುರಾಗುವ ಜಾಗ ಸಿಕ್ಕಿತು.

ಸಿಕ್ಕಿದರೂ, ಅವೆರಡರ ನಡುವಿನ ಗೋಡೆಯನ್ನು ಅನಿಲ ದಾಟುವುದು ಹೇಗೆ? ನನಗೆ ಈ ಚರಿತ್ರೆಯಲ್ಲಿ ತುಂಬಾ ಇಷ್ಟವಾಗುವ ಭಾಗ ಇದೇ. ಡೆನ್ಮಾರ್ಕಿನ ದೊಡ್ಡ ವಿಜ್ಞಾನಿ ಕ್ರಿಶ್ಚಿಯನ್ ಬೋರ್, ಶ್ವಾಸಕೋಶ ಒಂದು ಗ್ರಂಥಿಯ ಹಾಗೆ ಆಮ್ಲಜನಕವನ್ನು ತಾನೇ ರಕ್ತಕ್ಕೆ ತಳ್ಳುತ್ತದೆ ಎಂದು ನಂಬಿದ್ದರು. ಅವರ ಬಳಿಯೇ ಕೆಲಸ ಕಲಿತ ಆಗಸ್ಟ್ ಕ್ರೋಗ್, ಹೆಂಡತಿ ಮೇರಿ ಜೊತೆ ಸೇರಿ ಅಳೆದು ನೋಡಿ, 1910ರಲ್ಲಿ ಗುರುಗಳ ಮಾತಿಗೆ ವಿರುದ್ಧವಾಗಿ ಬರೆದರು: ಯಾರೂ ತಳ್ಳಬೇಕಾಗಿಲ್ಲ, ಒತ್ತಡದ ವ್ಯತ್ಯಾಸವೇ ಸಾಕು. ನಮ್ಮ ಮೆಟ್ಟಿಲು ಗದ್ದೆಗಳನ್ನು ನೆನೆಸಿಕೊಳ್ಳಿ. ಬದುವಿಗೆ ಕಂಡಿ ಮಾಡಿದರೆ ಮೇಲಿನ ಗದ್ದೆಯ ನೀರು ಕೆಳಗಿನದಕ್ಕೆ ತಾನಾಗಿ ಇಳಿಯುತ್ತದೆ.

ಇಲ್ಲಿ ಎರಡು ಅನಿಲಗಳಿಗೂ ಬೇರೆ ಬೇರೆ ಇಳಿಜಾರು ಇದೆ. ಶ್ವಾಸಕೋಶದ ಗಾಳಿಗೂಡಿನಲ್ಲಿ (ಗಾಳಿ ತುಂಬುವ ಪುಟ್ಟ ಚೀಲದಲ್ಲಿ) ಆಮ್ಲಜನಕದ ಒತ್ತಡ ಪಾದರಸದ ಅಳತೆಯಲ್ಲಿ ಸುಮಾರು 100 ಮಿಲಿಮೀಟರ್, ದೇಹ ಸುತ್ತಿ ಬಂದ ರಕ್ತದಲ್ಲಿ 40. ಹಾಗಾಗಿ ಅದು ರಕ್ತಕ್ಕೆ ಇಳಿದು, ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ 46, ಗೂಡಿನಲ್ಲಿ 40. ಬರೀ 6ರ ವ್ಯತ್ಯಾಸ! ಆದರೆ ಅದು ಆಮ್ಲಜನಕಕ್ಕಿಂತ ಸುಮಾರು 20 ಪಟ್ಟು ಸಲೀಸಾಗಿ ದಾಟುವುದರಿಂದ ಅಷ್ಟೇ ಸಾಕು. ನಡುವಿನ ಪೊರೆಯೂ ತುಂಬಾ ತೆಳು, ಒಂದು ಮಿಲಿಮೀಟರನ್ನು 2,000 ಪಾಲು ಮಾಡಿದರೆ ಸಿಗುವ ಒಂದು ಪಾಲಿನಷ್ಟು. ಸುಮ್ನೆ ಕೂತಿದ್ದಾಗ ಒಂದು ಕೆಂಪು ರಕ್ತಕಣ ಅಲ್ಲಿ ಮುಕ್ಕಾಲು ಸೆಕೆಂಡ್ ಇರುತ್ತದೆ, ಆಮ್ಲಜನಕ ತುಂಬಿಕೊಳ್ಳಲು ಕಾಲು ಸೆಕೆಂಡ್ ಸಾಕು. ಏರು ಹತ್ತುವಾಗ ರಕ್ತ ಜೋರಾಗಿ ಓಡಿದರೂ ಆರೋಗ್ಯವಂತರ ರಕ್ತಕ್ಕೆ ಆಮ್ಲಜನಕ ಸಿಗುವುದು ಇದರಿಂದಲೇ.

ಏದುಸಿರಿನ ಸುಳಿವು ಸಿಕ್ಕಿದ್ದು 1905ರಲ್ಲಿ. ಇಂಗ್ಲೆಂಡಿನ ಹಾಲ್ಡೇನ್ ಮತ್ತು ಪ್ರೀಸ್ಟ್ಲಿ (ಆಮ್ಲಜನಕ ಕಂಡುಹಿಡಿದ 18ನೇ ಶತಮಾನದ ಪ್ರೀಸ್ಟ್ಲಿ ಬೇರೆ), ಗಾಳಿಗೂಡಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡಿನ ಪಾಲು ನೂರಕ್ಕೆ 0.2ರಷ್ಟು ಏರಿದರೂ ಉಸಿರಾಟ ಎರಡು ಪಟ್ಟಾಗುವುದನ್ನು ತೋರಿಸಿದರು. ಮಿದುಳು ಕ್ಷಣಕ್ಷಣವೂ ಗಮನಿಸುವುದು ಜಾಸ್ತಿ ಈ ಅನಿಲವನ್ನೇ. ಏರು ಹತ್ತುವ ಕಾಲುಗಳು ಅದನ್ನು ಎಡೆಬಿಡದೆ ರಕ್ತಕ್ಕೆ ಸುರಿಯುತ್ತವೆ. ಜೊತೆಗೆ ಸ್ನಾಯುಗಳಿಂದ ನರಗಳ ಮೂಲಕ ಸಂದೇಶವೂ ಹೋಗುತ್ತದೆ. ಅದಕ್ಕೇ ತುದಿ ಮುಟ್ಟಿ ಬಂಡೆಯ ಮೇಲೆ ಕೂತ ತಕ್ಷಣ ಏದುಸಿರು ನಿಲ್ಲುವುದಿಲ್ಲ. ಕಾಲು ನಿಂತಿರುತ್ತದೆ, ಅದು ಸುರಿದಿದ್ದನ್ನು ಹೊರಗೆ ಹಾಕುವ ಕೆಲಸ ಇನ್ನೂ ಬಾಕಿ ಇರುತ್ತದೆ.