7 ಮಿಲಿಮೀಟರ್ ಕಲ್ಲು: ಕಾಯಬೇಕೇ, ಲೇಸರ್ ಮಾಡಿಸಬೇಕೇ?

ಪ್ರಶ್ನೆ: ವಾರದ ಹಿಂದೆ ಎಡಪಕ್ಕೆಯಲ್ಲಿ ತಡೆಯಲಾರದ ನೋವು ಬಂದು ಸ್ಕ್ಯಾನಿಂಗ್ ಮಾಡಿಸಿದೆ. 7 ಮಿಲಿಮೀಟರ್ ಕಲ್ಲು ಇದೆಯಂತೆ. ಒಬ್ಬ ಡಾಕ್ಟರು ‘ಮಾತ್ರೆ ತಗೊಂಡು ಕಾಯಿರಿ’ ಅಂದರು, ಇನ್ನೊಬ್ಬರು ‘ಲೇಸರ್ ಮಾಡಿಸಿಬಿಡಿ’ ಅಂದರು. ಈಗ ನೋವೇ ಇಲ್ಲ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಕಲ್ಲಿನ ಗಾತ್ರ ಇದೆ, ಅದು ಎಲ್ಲಿದೆ ಎಂಬುದಿಲ್ಲ. ಚಿಕಿತ್ಸೆ ನಿರ್ಧಾರವಾಗುವುದು ಇವೆರಡನ್ನೂ ಸೇರಿಸಿ ನೋಡಿದಾಗಲೇ. ಮೊದಲು ರಿಪೋರ್ಟ್ ತೆಗೆದು ಕಲ್ಲು ಕಿಡ್ನಿಯ ಒಳಗಿದೆಯೋ, ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ನಾಳದಲ್ಲಿದೆಯೋ ನೋಡಿ. ಆಮೇಲೆ ‘ಹೈಡ್ರೋನೆಫ್ರೋಸಿಸ್’ ಎಂಬ ಪದ ಹುಡುಕಿ. ಮೂತ್ರ ಮುಂದೆ ಹೋಗಲಾರದೆ ನಿಂತು ಕಿಡ್ನಿ ಊದಿಕೊಂಡಿದೆ ಎಂದು ಅದರರ್ಥ.

ಆ ನಾಳದ ಒಳಗಿನ ಅಗಲ ಸುಮಾರು 3–4 ಮಿಲಿಮೀಟರ್. ಮೂತ್ರಕೋಶಕ್ಕೆ ಸೇರುವ ಜಾಗದಲ್ಲಂತೂ ಇನ್ನೂ ಇಕ್ಕಟ್ಟು. ನಾಳದಲ್ಲಿರುವ 5 ಮಿಲಿಮೀಟರ್ ಒಳಗಿನ ಕಲ್ಲುಗಳಲ್ಲಿ ಸುಮಾರು ಮೂರನೇ ಎರಡು ಭಾಗ ತಾವಾಗಿಯೇ ಬಿದ್ದುಹೋಗುತ್ತವೆ. 5ರಿಂದ 10ರವರೆಗಿನವುಗಳಲ್ಲಿ ಹೆಚ್ಚುಕಡಿಮೆ ಅರ್ಧ ಬೀಳುತ್ತವೆ. ನಿಮ್ಮ ಕಲ್ಲು ನಾಳದ ಕೆಳತುದಿಗೆ ಬಂದಿದ್ದರೆ ಮೊದಲ ಡಾಕ್ಟರ ಮಾತಿಗೆ ಬಲವಿದೆ. ಟ್ಯಾಮ್ಸುಲೋಸಿನ್ ಮಾತ್ರೆ ಅಲ್ಲಿನ ಸ್ನಾಯುವನ್ನು ಸಡಿಲಿಸಿ ದಾರಿ ಸುಗಮ ಮಾಡುತ್ತದೆ. (ಇದು ಪ್ರಾಸ್ಟೇಟ್ ತೊಂದರೆಗೂ ಕೊಡುವ ಮಾತ್ರೆ, ಚೀಟಿ ನೋಡಿ ಗಾಬರಿಯಾಗಬೇಡಿ. ಎದ್ದು ನಿಂತಾಗ ತಲೆ ಸುತ್ತುವುದುಂಟು.) ಕಲ್ಲು ಮೇಲ್ಭಾಗದಲ್ಲೇ ಕಚ್ಚಿಕೊಂಡಿದ್ದರೆ, ಕಿಡ್ನಿ ಊದಿದ್ದರೆ ಎರಡನೆಯವರು ಹೇಳಿದ್ದನ್ನು ತಳ್ಳಿಹಾಕಬೇಡಿ.

ನನ್ನನ್ನು ಹೆದರಿಸಿದ್ದು ‘ಈಗ ನೋವೇ ಇಲ್ಲ’ ಎಂಬ ನಿಮ್ಮ ಮಾತು. ನೋವು ನಿಂತಿತೆಂದರೆ ಕಲ್ಲು ಹೋಯಿತೆಂದಲ್ಲ. ಕಲ್ಲು ಅಲ್ಲೇ ಕೂತಿರುತ್ತದೆ, ಕಿಡ್ನಿ ಒತ್ತಡಕ್ಕೆ ಒಗ್ಗಿಕೊಂಡು ಸುಮ್ಮನಾಗುತ್ತದೆ, ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಅದರ ಶಕ್ತಿ ಕುಂದುತ್ತಾ ಹೋಗುತ್ತದೆ. ಆದ್ದರಿಂದ ಕಾಯುವುದಕ್ಕೂ ಒಂದು ಗಡುವಿದೆ: ಹೆಚ್ಚೆಂದರೆ ನಾಲ್ಕರಿಂದ ಆರು ವಾರ. ನಡುವೆ ಮತ್ತೊಮ್ಮೆ ಸ್ಕ್ಯಾನಿಂಗ್, ಕಿಡ್ನಿ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಆಗಲೇಬೇಕು. ಕಲ್ಲು ಬಿದ್ದದ್ದನ್ನು ಕಣ್ಣಾರೆ ಕಾಣದಿದ್ದರೆ, ಇಲ್ಲವೇ ಸ್ಕ್ಯಾನಿಂಗ್‌ನಲ್ಲಿ ಖಾತ್ರಿಯಾಗದಿದ್ದರೆ, ಅದು ಇದೆ ಎಂದೇ ತಿಳಿಯಿರಿ.

ಬಾಳೆದಿಂಡಿನ ರಸ, ಕಾಡುಬಸಳೆ ಎಲೆ ತಿಂದು ಕಲ್ಲು ಕರಗಿತೆಂದು ಹೇಳುವವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ತಾನಾಗಿ ಬೀಳಬೇಕಿದ್ದ ಕಲ್ಲು ಆ ದಿನಗಳಲ್ಲೇ ಬಿದ್ದಿರಬಹುದು. ಹೆಚ್ಚಿನವರಲ್ಲಿ ಕಾಣುವ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲನ್ನು ಕರಗಿಸುವ ಔಷಧಿ ಯಾವ ಪದ್ಧತಿಯಲ್ಲೂ ಸಾಬೀತಾಗಿಲ್ಲ. ಯೂರಿಕ್ ಆಸಿಡ್ ಕಲ್ಲಿನ ವಿಷಯ ಬೇರೆ. ಪೊಟ್ಯಾಸಿಯಂ ಸಿಟ್ರೇಟ್ ಕೊಟ್ಟು ಮೂತ್ರದ ಆಮ್ಲೀಯತೆ ತಗ್ಗಿಸಿದರೆ ಅದು ನಿಜಕ್ಕೂ ಕರಗುತ್ತದೆ.

ಕಾಯಲೇಬಾರದ ಸಂದರ್ಭಗಳೂ ಇವೆ. ಕಲ್ಲಿನ ಜೊತೆ ಚಳಿಜ್ವರ ಬಂದರೆ ಅದೇ ರಾತ್ರಿ ಆಸ್ಪತ್ರೆಗೆ ಹೋಗಿ. ಕಟ್ಟಿಕೊಂಡ ಮೂತ್ರದಲ್ಲಿ ಸೋಂಕು ಸೇರಿದರೆ ಅದು ರಕ್ತಕ್ಕೆ ಏರಿ ಪ್ರಾಣಕ್ಕೇ ಕುತ್ತು ತರುತ್ತದೆ. ಆಗ ಕಲ್ಲು ಒಡೆಯುವ ಅವಸರ ಮಾಡುವುದಿಲ್ಲ. ನಾಳದೊಳಗೆ ಸ್ಟೆಂಟ್ ಎಂಬ ತೆಳು ನಳಿಗೆ ಹಾಕಿ ಅಥವಾ ಬೆನ್ನಿನಿಂದ ನಳಿಗೆ ಇಳಿಸಿ ಮೊದಲು ಮೂತ್ರ ಹೊರಬಿಡುತ್ತಾರೆ, ಸೋಂಕು ತಗ್ಗಿದ ಮೇಲೆ ಕಲ್ಲಿನ ಕೆಲಸ. ಒಂದೇ ಕಿಡ್ನಿ ಇರುವವರು, ಮೂತ್ರವೇ ಬಾರದವರು, ವಾಂತಿ ನಿಲ್ಲದವರು, ಗರ್ಭಿಣಿಯರು ಕೂಡ ತಡಮಾಡಬಾರದು.

ಇನ್ನು ಚಿಕಿತ್ಸೆಯೇ ಬೇಕೆಂದಾದರೆ ಯಾವುದು? ಮೂತ್ರದ್ವಾರದ ಮೂಲಕ ತೆಳು ದುರ್ಬೀನು ಹಾಯಿಸಿ ನಾಳದೊಳಗಿನ ಕಲ್ಲನ್ನು ಲೇಸರ್‌ನಿಂದ ಪುಡಿ ಮಾಡುವುದು ಯುಆರ್‌ಎಸ್. ಬಾಗುವ ದುರ್ಬೀನಿನಿಂದ ಕಿಡ್ನಿಯೊಳಗೇ ಹೋದರೆ ಆರ್‌ಐಆರ್‌ಎಸ್. ಎರಡಕ್ಕೂ ಹೊರಗೆ ಗಾಯವಿಲ್ಲ. 20 ಮಿಲಿಮೀಟರ್‌ಗಿಂತ ದೊಡ್ಡ ಕಲ್ಲಿಗೆ ಬೆನ್ನಿನಲ್ಲಿ ಸಣ್ಣ ರಂಧ್ರ ಮಾಡುವ ಪಿಸಿಎನ್‌ಎಲ್ ಒಳ್ಳೆಯದು, ಒಂದೇ ಸಲಕ್ಕೆ ಹೆಚ್ಚು ಕಲ್ಲು ಹೊರಬರುತ್ತದೆ. 1980ರಲ್ಲಿ ಮ್ಯೂನಿಕ್‌ನಲ್ಲಿ ಮೊದಲು ರೋಗಿಯ ಮೇಲೆ ಬಳಸಿದ ಇಎಸ್‌ಡಬ್ಲ್ಯುಎಲ್‌ನಲ್ಲಿ ದೇಹದೊಳಗೆ ಏನನ್ನೂ ತೂರಿಸುವುದಿಲ್ಲ, ಹೊರಗಿನ ಆಘಾತ ತರಂಗವೇ ಕಲ್ಲು ಒಡೆಯುತ್ತದೆ. ಆದರೆ ಕಲ್ಲು ಗಟ್ಟಿಯಿದ್ದರೆ, ಮೈ ದಪ್ಪಗಿದ್ದರೆ, ಕಲ್ಲು ಕಿಡ್ನಿಯ ಕೆಳಮೂಲೆಯಲ್ಲಿದ್ದರೆ ಫಲ ಕಡಿಮೆ. ಗರ್ಭಿಣಿಯರಿಗೆ ಇದು ಸಲ್ಲದು. ಕಲ್ಲು ಎಷ್ಟು ಗಟ್ಟಿ ಎಂಬುದು ಸಿಟಿ ಸ್ಕ್ಯಾನ್‌ನ ‘ಎಚ್‌ಯು’ ಅಂಕಿಯಲ್ಲಿ ತಿಳಿಯುತ್ತದೆ. ಅದು 1000 ದಾಟಿದ್ದರೆ ಲೇಸರ್ ಕಡೆಗೇ ಒಲವು ಹೆಚ್ಚು.

ಲೇಸರ್ ಆದ ಮೇಲೆ ಡಿಜೆ ಸ್ಟೆಂಟ್ ಎಂಬ ಮೆತ್ತನೆಯ ನಳಿಗೆಯನ್ನು ಒಳಗೆ ಬಿಟ್ಟು ಕಳಿಸುವುದುಂಟು. ಅದು ಇದ್ದಷ್ಟು ದಿನ ಪದೇಪದೇ ಮೂತ್ರಕ್ಕೆ ಅವಸರ, ಉರಿ, ಸ್ವಲ್ಪ ರಕ್ತ ಸಹಜ. ಹಾಕಿಸಿಕೊಂಡದ್ದನ್ನೇ ಮರೆತು ವರ್ಷ ಕಳೆದವರಲ್ಲಿ ಸ್ಟೆಂಟ್ ಸುತ್ತಲೇ ಹೊಸ ಕಲ್ಲು ಕಟ್ಟಿ, ದೊಡ್ಡ ಆಪರೇಷನ್ ಬೇಕಾಗಿ, ಕೆಲವರ ಕಿಡ್ನಿಯೇ ಹೋದದ್ದಿದೆ. ತೆಗೆಯುವ ತಾರೀಖನ್ನು ಡಿಸ್ಚಾರ್ಜ್ ದಿನವೇ ಬರೆಸಿಕೊಳ್ಳಿ, ಮನೆಯಲ್ಲಿ ಇನ್ನೊಬ್ಬರಿಗೂ ತಿಳಿಸಿ.

ಸದ್ಯಕ್ಕೆ, ಕಾಯುವುದೆಂದು ತೀರ್ಮಾನವಾದರೆ ಮೂತ್ರವನ್ನು ತೆಳುಬಟ್ಟೆಯಲ್ಲಿ ಸೋಸಿ ನೋಡುತ್ತಿರಿ. ಕಲ್ಲು ಸಿಕ್ಕರೆ ಎಸೆಯದೆ ಸಣ್ಣ ಡಬ್ಬಿಯಲ್ಲಿ ಡಾಕ್ಟರಿಗೆ ಕೊಡಿ. ಅದು ಯಾವ ಜಾತಿಯದೆಂದು ಪರೀಕ್ಷೆಯಿಂದ ತಿಳಿದರೆ, ಮುಂದೆ ಉಪ್ಪು ಇಳಿಸಬೇಕೋ, ಮಾಂಸ ಕಡಿಮೆ ಮಾಡಬೇಕೋ, ಸಿಟ್ರೇಟ್ ಬೇಕೋ ಎಂದು ಅವರು ನಿಖರವಾಗಿ ಹೇಳಬಲ್ಲರು.