ಬಚ್ಚಲಲ್ಲಿ ದೊಡ್ಡಮ್ಮ ಯಾಕೆ ಕೂಗುತ್ತಿದ್ದರು?

ವಯಸ್ಸಾದವರು ಇರುವ, ಆಯಾಗಳು ನೋಡಿಕೊಳ್ಳುವ ಮನೆಗಳು ಬೆಂಗಳೂರಿನಲ್ಲಿವೆ. ನಮ್ಮ ದೊಡ್ಡಮ್ಮ ಅಂಥ ಕಡೆ ಇದ್ದರು. ಸ್ಕೂಲ್ ಟೀಚರ್ ಆಗಿದ್ದವರು, ಮರೆವಿನ ಕಾಯಿಲೆ ಬಂದಿತ್ತು. ಡಿಸೆಂಬರಿನ ಒಂದು ಬೆಳಿಗ್ಗೆ ಹೋದಾಗ ಬಚ್ಚಲಿನಿಂದ ಅವರ ಕೂಗು ಕೇಳಿಸಿತು. ಬಾಗಿಲು ತೆರೆದೇ ಇತ್ತು. "ದಿನಾ ಇದೇ ಹಟ" ಎಂದರು ಆಯಾ.

ಅದು ಹಟ ಅಲ್ಲ. ವಯಸ್ಸಾದಂತೆ ಚರ್ಮ ತೆಳುವಾಗುತ್ತದೆ, ಅದರಡಿಯ ಕೊಬ್ಬು ಕರಗುತ್ತದೆ. ನಡುಗಿ ಮೈ ಬೆಚ್ಚಗೆ ಮಾಡಿಕೊಳ್ಳುವ ಶಕ್ತಿಯೂ ಕುಗ್ಗುತ್ತದೆ. ಒದ್ದೆ ಮೈಯಿಂದ ನೀರು ಆರುವಾಗ ಶಾಖವನ್ನೂ ಎಳೆದುಕೊಂಡು ಹೋಗುತ್ತದೆ. ನಮಗೆ ಹಿತವಾದ ಗಾಳಿ ಅವರಿಗೆ ಚಳಿ. ಜೊತೆಗೆ ಮರೆವು. ಎದುರಿಗಿರುವವರು ಯಾರೆಂದು ಗೊತ್ತಾಗುವುದಿಲ್ಲ. ಗುರುತಿಲ್ಲದ ಯಾರೋ ಬಂದು ಸೀರೆ ಬಿಚ್ಚಿದರೆ ಯಾರಾದರೂ ಕೂಗುತ್ತಾರೆ, ಅಲ್ವಾ?

ಅಮೆರಿಕದ 15 ನರ್ಸಿಂಗ್ ಹೋಂಗಳಲ್ಲಿ (ಅಲ್ಲಿ ಹಾಗಂದರೆ ಆಸ್ಪತ್ರೆಯಲ್ಲ, ಇಂಥ ಮನೆ) ಮರೆವಿನವರಿಗೆ ಸ್ನಾನ ಮಾಡಿಸುವ ಎರಡು ಬೇರೆ ವಿಧಾನಗಳನ್ನು ಪರೀಕ್ಷಿಸಿ ನೋಡಿದರು. ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಒಂದು ವಿಧಾನದಲ್ಲಿ ಶವರ್ ಸ್ನಾನವನ್ನೇ ಅವರವರ ಇಷ್ಟ ಕೇಳಿ, ಮೈಗೆ ಬಟ್ಟೆ ಹೊದಿಸಿ ಮಾಡಿಸಿದರು. ಇನ್ನೊಂದರಲ್ಲಿ ಬಚ್ಚಲಿಗೇ ಹೋಗಲಿಲ್ಲ. ತೊಳೆಯಬೇಕಿಲ್ಲದ ಸೋಪು ಬೆರೆಸಿದ ಬಿಸಿನೀರಿನಲ್ಲಿ ದೊಡ್ಡ ಟವೆಲ್ ನೆನೆಸಿ, ಹಾಸಿಗೆಯಲ್ಲೇ ಮೈತುಂಬ ಹೊದಿಸಿ, ಅದರ ಮೇಲಿಂದಲೇ ಉಜ್ಜಿದರು. ಎರಡರಲ್ಲೂ ಹೊಡೆದಾಟದಂಥ ವರ್ತನೆ ಅರ್ಧಕ್ಕಿಂತ ಜಾಸ್ತಿ ತಗ್ಗಿತು. ಶವರ್‌ಗೆ ಸುಮಾರು 3 ನಿಮಿಷ ಹೆಚ್ಚು ಹಿಡಿಯಿತು, ಅಷ್ಟೇ. ಬೆಳಗಾದರೆ ಸಾಲು ಸಾಲು ಜನಕ್ಕೆ ಸ್ನಾನ ಮಾಡಿಸುವ ಆಯಾಗೆ ಆ 3 ನಿಮಿಷವೂ ದೊಡ್ಡದು. ಆ ಸಮಯವನ್ನು ಆಕೆಗೆ ಕೊಡಬೇಕಾದವರು ಇಂಥ ಮನೆಗಳನ್ನು ನಡೆಸುವವರು.

ಮಾತಿನದೂ ಒಂದು ಪಾಲಿದೆ. ಮರೆವಿನವರ ಜೊತೆ ಮಗುವಿನ ಹತ್ತಿರ ಆಡುವಂತೆ ಮಾತಾಡಿದರೆ ಅವರು ಜಾಸ್ತಿ ಪ್ರತಿಭಟಿಸುತ್ತಾರೆ ಎಂದು 2009ರ ಒಂದು ಅಧ್ಯಯನ ಕಂಡುಕೊಂಡಿತು. ನಮ್ಮಲ್ಲಂತೂ ಒಂದೇ ಅಕ್ಷರ ಸಾಕು. "ಏಳು ಅಜ್ಜಿ" ಬೇರೆ, "ಏಳಿ ಟೀಚರೇ" ಬೇರೆ. ಹೆಸರು ಮರೆತವರಿಗೂ ದನಿ ಅರ್ಥವಾಗುತ್ತದೆ.

ನಾವು ಎರಡು ದೊಡ್ಡ ಟರ್ಕಿ ಟವೆಲ್ ತಂದುಕೊಟ್ಟೆವು. ಆಯಾ ಬಾಗಿಲು ಮುಚ್ಚಿ, ಒಂದನ್ನು ಹೆಗಲಿಗೆ, ಒಂದನ್ನು ಮಡಿಲಿಗೆ ಹೊದಿಸಿ, "ಟೀಚರೇ, ಪಾದಕ್ಕೆ ನೀರು ಹಾಕಲಾ?" ಎಂದು ಕೇಳಿ ಶುರು ಮಾಡುತ್ತಿದ್ದರು. ಕೂಗು ತುಂಬಾ ಕಡಿಮೆಯಾಯಿತು. ತಲೆಗೆ ನೀರು ಬಿದ್ದಾಗ ಮಾತ್ರ ಗಾಬರಿ ಹೋಗಲಿಲ್ಲ. ಹಾಗಾಗಿ ತಲೆಸ್ನಾನವನ್ನು ಭಾನುವಾರ ಮಧ್ಯಾಹ್ನಕ್ಕೆ ಇಟ್ಟುಕೊಂಡೆವು. ಆಗ ಬಿಸಿಲಿರುತ್ತಿತ್ತು, ಕೈ ಹಿಡಿದುಕೊಳ್ಳಲು ನಮ್ಮಲ್ಲೊಬ್ಬರು ಇರುತ್ತಿದ್ದೆವು.