‘ಯೂಸರ್ ಹಾಗೆ ಮಾಡಲ್ಲ ಸಾರ್’

ಆಸ್ಪತ್ರೆ ಉಪಕರಣಗಳ ಸಾಫ್ಟ್‌ವೇರ್ ಪರಿಶೀಲಿಸುವುದು ನನ್ನ ಕೆಲಸ. ರಿವ್ಯೂಗೆ ಕೂತಾಗ ನನ್ನ ತಾಳ್ಮೆ ಕೆಡಿಸುವ ಮಾತು ಒಂದೇ: “ಯೂಸರ್ ಹಾಗೆ ಮಾಡಲ್ಲ ಸಾರ್.” ಹೇಳುವವರು ಬುದ್ಧಿವಂತ ಹುಡುಗರೇ, ಕೋಡ್ ಕೂಡ ಚೊಕ್ಕಟವಾಗಿರುತ್ತದೆ. ಆದರೂ ಈ ಮಾತು ಬಂದೇ ಬರುತ್ತದೆ.

ಥೆರಾಕ್-25 ಹೆಸರು ಕೇಳಿರುತ್ತೀರಿ. ಕೆನಡಾದಲ್ಲಿ ತಯಾರಾದ ಈ ವಿಕಿರಣ ಚಿಕಿತ್ಸಾ ಯಂತ್ರದಿಂದ 1985–87ರ ನಡುವೆ ಆರು ರೋಗಿಗಳ ಮೈಮೇಲೆ ಮಿತಿಮೀರಿದ ವಿಕಿರಣ ಬಿತ್ತು. ‘ಬಗ್ ಇತ್ತು’, ಅಂದರೆ ಕೋಡ್‌ನಲ್ಲಿ ತಪ್ಪಿತ್ತು, ಅಂತ ಹೇಳಿ ಎಲ್ಲರೂ ಮುಂದೆ ಹೋಗುತ್ತಾರೆ. ಆ ಬಗ್ ಯಾರ ಕೈಗೆ ಸಿಕ್ಕಿತು ನೋಡಿ. 1986ರ ಮಾರ್ಚ್, ಟೆಕ್ಸಾಸ್‌ನ ಟೈಲರ್. ಪಳಗಿದ ಕೈಯ ಆಪರೇಟರ್ ಒಬ್ಬರು ಎಲೆಕ್ಟ್ರಾನ್ ಚಿಕಿತ್ಸೆಗೆ ಒತ್ತಬೇಕಾದ ‘ಇ’ ಬದಲು ಎಕ್ಸ್-ರೇ ಚಿಕಿತ್ಸೆಯ ‘ಎಕ್ಸ್’ ಒತ್ತಿದರು. ತಕ್ಷಣ ಗೊತ್ತಾಗಿ ತಿದ್ದಿದರು. ಪರದೆಯಲ್ಲಿ ಎಲ್ಲ ಸರಿಯಾಗಿಯೇ ಕಂಡಿತು. ಒಳಗೆ ಅಯಸ್ಕಾಂತಗಳು ಹೊಂದಿಕೊಳ್ಳಲು ಸುಮಾರು 8 ಸೆಕೆಂಡು ಬೇಕಿತ್ತು. ಅಷ್ಟರೊಳಗೆ ಆದ ತಿದ್ದುಪಡಿ ಕೋಡ್‌ನ ಒಂದು ಭಾಗಕ್ಕೆ ತಿಳಿದರೆ ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. ರೋಗಿಗೆ ಮಿತಿಮೀರಿದ ವಿಕಿರಣ ಬಡಿದ ಮೇಲೆ ಯಂತ್ರ ‘ಮಾಲ್‌ಫಂಕ್ಷನ್ 54’ ಎಂದು ತೋರಿಸಿ ನಿಂತಿತು. ಅದು ಅಪಾಯದ ಸೂಚನೆ ಎಂದು ತಿಳಿಯುವ ದಾರಿ ಆಪರೇಟರಿಗೆ ಇರಲಿಲ್ಲ. ಇಂಥ ಸಂದೇಶಗಳು ಅವರಿಗೆ ಮಾಮೂಲಿ. ‘ಪಿ’ ಒತ್ತಿದರೆ ಕೆಲಸ ಮುಂದುವರಿಯುತ್ತಿತ್ತು. ಒತ್ತಿದರು. ರೋಗಿಗೆ ಎರಡನೇ ಸಲವೂ ಬಡಿಯಿತು. ಐದು ತಿಂಗಳಿಗೆ ಅವರು ತೀರಿಕೊಂಡರು.

ಮೂರು ವಾರದಲ್ಲಿ ಅಲ್ಲೇ ಇನ್ನೊಬ್ಬರಿಗೆ ಹಾಗೇ ಆಯಿತು. ಆಮೇಲೆ ಆಸ್ಪತ್ರೆಯ ಭೌತವಿಜ್ಞಾನಿ ಮತ್ತು ಅದೇ ಆಪರೇಟರ್ ಕೂತು ಮತ್ತೆ ಮತ್ತೆ ಒತ್ತಿ ನೋಡಿದರು. ಬೇಗ ಬೇಗ ಟೈಪ್ ಮಾಡಿದಾಗ 54 ಬಂತು. ಇದನ್ನೇ ನಾನು ಪ್ರತಿ ರಿವ್ಯೂನಲ್ಲೂ ಹೇಳುವುದು: ಟೆಸ್ಟ್ ಮಾಡುವವರು ಯೋಚಿಸಿ ಒಂದೊಂದೇ ಗುಂಡಿ ಒತ್ತುತ್ತಾರೆ. ದಿನಕ್ಕೆ ನೂರು ಸಲ ಒತ್ತುವವರ ಬೆರಳು ಯೋಚಿಸುವುದಿಲ್ಲ, ಓಡುತ್ತದೆ. ನೀವು ಹೊಸದಾಗಿ ಕಲಿಯುವವರನ್ನು ಕಲ್ಪಿಸಿಕೊಂಡು ಬರೆಯುತ್ತೀರಿ. ತಪ್ಪು ಬಯಲಾಗುವುದು ನುರಿತವರ ಕೈಯಲ್ಲಿ.

ಎಲ್ಲವನ್ನೂ ಕೋಡ್ ಬರೆದವರ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಹಳೆಯ ಥೆರಾಕ್-20ರಲ್ಲೂ ಇದೇ ದೋಷವಿತ್ತು, ಆದರೆ ಅಲ್ಲಿ ಹಾರ್ಡ್‌ವೇರ್ ತಡೆ ಇದ್ದುದರಿಂದ ಫ್ಯೂಸ್ ಹಾರಿ ರೋಗಿ ಬಚಾವಾಗುತ್ತಿದ್ದರು. ಹೊಸದರಲ್ಲಿ ಆ ತಡೆ ತೆಗೆಯುವುದು ಕಂಪನಿಯ ತೀರ್ಮಾನ. ಎಲ್ಲ ಸಾಫ್ಟ್‌ವೇರಿಗೂ ಇಷ್ಟೇ ಬಿಗಿ ಬೇಕು ಅಂತಲೂ ನಾನು ಹೇಳುವುದಿಲ್ಲ. ಔಷಧಿ ಮೈಗೆ ಹೋಗುವ ಕಡೆ ಮಾತ್ರ ನನ್ನ ಹಟ ಬಿಡುವುದಿಲ್ಲ.

ಎರಡು ವರ್ಷದ ಹಿಂದೆ, ರೋಗಿಗೆ ಹನಿಹನಿಯಾಗಿ ಔಷಧಿ ಕೊಡುವ ಪಂಪ್ ಒಂದರ ಕೋಡ್ ನೋಡುತ್ತಿದ್ದೆ. ಪರದೆ ಬದಲಾಗುವ ಅರೆಕ್ಷಣದಲ್ಲಿ ಒತ್ತಿದ ಗುಂಡಿ ಲೆಕ್ಕಕ್ಕೆ ಬರುತ್ತಿರಲಿಲ್ಲ. “ಅಷ್ಟು ಬೇಗ ಯಾರು ಒತ್ತುತ್ತಾರೆ ಸಾರ್?” ಅಂದ ಹುಡುಗ. ವಾದ ಮಾಡದೆ ಅವನನ್ನೂ ಪಂಪನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದೆ. ರೋಗಿಗೆ ಜೋಡಿಸದೆ, ಬರೀ ಸಲೈನ್ ಹಾಕಿ, ಐಸಿಯು ಸಿಸ್ಟರ್ ಕೈಗೆ ಕೊಟ್ಟೆವು. ಗ್ಲೌಸ್ ಹಾಕಿದ ಹೆಬ್ಬೆರಳಲ್ಲಿ ಅವರು ಟಕಟಕನೆ 12.5 ಒತ್ತಿದರು. ಪರದೆಯಲ್ಲಿ 125.

“ಚುಕ್ಕಿ ಎಲ್ಲಿ ಹೋಯ್ತು ಸಾರ್?”

ಹುಡುಗನ ಮುಖ ಸಪ್ಪಗಾಯಿತು. “ಸಿಸ್ಟರ್, ಸ್ವಲ್ಪ ನಿಧಾನಕ್ಕೆ...” ಅಂದ.

“ಹತ್ತು ಪಂಪ್ ಇದಾವೆ, ಇಬ್ಬರು ಇದೀವಿ. ನಿಧಾನ ಎಲ್ಲಿಂದ ತರ್ಲಿ?”

ಅವನು ಸುಮ್ಮನಾದ. ಆಮೇಲೆ ಫೋನ್ ತೆಗೆದು, ಇನ್ನೊಂದು ಸಲ ಒತ್ತಿ ಸಿಸ್ಟರ್ ಅಂತ ಕೇಳಿಕೊಂಡು ಅವರ ಬೆರಳನ್ನು ವಿಡಿಯೋ ಮಾಡಿಕೊಂಡ. ಈಗ ಅವನ ಟೆಸ್ಟ್ ಪಟ್ಟಿಯ ಮೊದಲ ಸಾಲಿನಲ್ಲಿ ಇರುವುದು ಆ ವೇಗವೇ.